ಕಡಿಮೆಯಾಗದ ನೀರು

ಟೈ ಸರಿಯಾಗಿ ಕೂತಿರಲಿಲ್ಲ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ತುಂತುರು ಮಳೆಯಲ್ಲಿ, ಪುಣೆಯ ಪಾಷಾಣ ಬಡಾವಣೆಯ ಗುಡ್ಡಕ್ಕೆ ಒರಗಿಕೊಂಡಿದ್ದ ಸಂಸ್ಥೆಯ ಗೇಟಿನೊಳಗೆ ಸ್ಕೂಟರು ತಿರುಗಿಸುವಾಗ ಡಾಕ್ಟರ್ ಪ್ರಲ್ಹಾದ ಜೇವರ್ಗೀಕರನಿಗೆ ಇದ್ದ ತೊಂದರೆ ಅದೊಂದೇ. ವಸಂತಿಗೆ ಜಡೆ ಹೆಣೆಯಲು ಬರುತ್ತದೆ, ಟೈ ಕಟ್ಟಲು ಬರುವುದಿಲ್ಲ. ಆದರೂ ಗಂಡ ವಿದೇಶದವರ ಮುಂದೆ ನಿಲ್ಲುವ ದಿನ ತಾನು ಸುಮ್ಮನೆ ಕೂರುವುದು ಹೇಗೆಂದು ಅವಳು ಕಟ್ಟಿಯೇ ಕಳಿಸಿದ್ದಳು. ಗಂಟು ಗಂಟಲಿಗೆ ಒತ್ತುತ್ತಿತ್ತು, ಬಿಚ್ಚಿದರೆ ಮತ್ತೆ ಕಟ್ಟುವವರಿಲ್ಲ. ಹನ್ನೊಂದು ಗಂಟೆಗೆ ಮೂವರು ಬರುವವರಿದ್ದರು. ಅವರಲ್ಲಿ ಮುಖ್ಯಳಾದವಳು ಇಂಗ್ರಿಡ್ ಎಂಬ ವಿಜ್ಞಾನಿ. ಅವಳು ಹೂಂ ಅಂದರೆ ಸಂಸ್ಥೆಗೆ ಒಂದು ಹೊಸ ಕೇಂದ್ರ ಬರುತ್ತದೆ, ಕೇಂದ್ರಕ್ಕೆ ಒಬ್ಬ ಮುಖ್ಯಸ್ಥ ಬೇಕಾಗುತ್ತಾನೆ, ಆ ಮುಖ್ಯಸ್ಥ ಪ್ರಲ್ಹಾದನೇ. ಊಹೂಂ ಅಂದರೆ, ಬಾರಾಮತಿಯ ಕಡೆಯ ಸಕ್ಕರೆ ಕಾರ್ಖಾನೆಗಳ ಕೊಳೆನೀರಿನಲ್ಲಿ ಏನೇನು ಸತ್ತಿದೆ ಎಂದು ಎಣಿಸಿ ವರದಿ ಕಳಿಸುವ ಹಳೆಯ ಕೆಲಸ. ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷವಿತ್ತು.

ಅದು ಮಂಗಳ ಗ್ರಹದ ಮೇಲೆ ಎರಡು ಬಂಡಿಗಳು ಓಡಾಡುತ್ತಿದ್ದ ವರ್ಷ. ಪೇಪರಿನಲ್ಲಿ ಎರಡು ದಿನಕ್ಕೊಮ್ಮೆ ಕೆಂಪು ಕಲ್ಲುಗಳ ಫೋಟೋ. ಬಂಡಿ ಕಳಿಸುವ ಯೋಗವಿಲ್ಲದ ವಿಜ್ಞಾನಿಗಳು ಮಂಗಳದಂಥ ಜಾಗಗಳನ್ನು ಭೂಮಿಯ ಮೇಲೆಯೇ ಹುಡುಕಿಕೊಂಡು ಅಲ್ಲಿ ಮೊಣಕಾಲೂರಿ ಕೂತಿದ್ದರು. ಒಬ್ಬರು ಮರುಭೂಮಿಯಲ್ಲಿ, ಒಬ್ಬರು ಹಿಮದ ಮೇಲೆ, ಒಬ್ಬರು ಜ್ವಾಲಾಮುಖಿಯ ಅಂಚಿನಲ್ಲಿ. ಪ್ರಲ್ಹಾದನ ಪಾಲಿಗೆ ಬಂದದ್ದು ಲೋಣಾರ. ಯಾವುದೋ ಕಾಲದಲ್ಲಿ ಉಲ್ಕೆ ಬಿದ್ದು ಕಪ್ಪು ಕಲ್ಲಿನಲ್ಲಾದ ಕುಳಿ, ಕುಳಿಯ ತಳದಲ್ಲಿ ಹಸಿರು ಬಣ್ಣದ, ಕೊಳೆತ ಮೊಟ್ಟೆ ನಾರುವ ಉಪ್ಪು ಕೆರೆ, ದಂಡೆಯ ಮೇಲೆ ದೇವಿಯ ಗುಡಿ. ಪೇಪರಿನವರು ಅವನನ್ನು ಮಂಗಳದ ಜೇವರ್ಗೀಕರ ಎಂದು ಬರೆದ ಮೇಲೆ ಕೆಳಗಿನ ಮನೆಯ ರಘುರಾಮರಾಯರು ನಿನ್ನೆ ಸಂಜೆ ಮಗಳು ಸಪ್ನಾಳ ಜಾತಕ ಹಿಡಿದು ಮೇಲೆ ಬಂದಿದ್ದರು. ಏಳನೆಯ ಮನೆಯಲ್ಲಿ ಮಂಗಳನಿದ್ದಾನಂತೆ, ತಮ್ಮ ಸಂಸ್ಥೆಯಲ್ಲಿ ಅದಕ್ಕೇನಾದರೂ ಮಾಡುತ್ತಾರೆಯೇ? ತಾನು ನೋಡುವುದು ಮಂಗಳನನ್ನಲ್ಲ, ಮಂಗಳದಂಥ ಜಾಗವನ್ನು ಎಂದು ಪ್ರಲ್ಹಾದ ತಿಳಿಸಿ ಹೇಳಿದ. "ಹಾಗಾದರೆ ಮಂಗಳ ಅಲ್ಲ" ಎಂದರು ರಾಯರು. ಅಲ್ಲ. "ಮಂಗಳದಂಥದ್ದು." ಹೌದು. ರಾಯರು ಜಾತಕ ಮಡಚುತ್ತ ಅವನ ಮುಖವನ್ನು ನೋಡಿದ ರೀತಿಯಲ್ಲಿ ಕನಿಕರವಿತ್ತು, ಮತ್ತು ಆ ಕನಿಕರ ರಾತ್ರಿ ಊಟದ ತನಕ ಅವನ ಜೊತೆಗಿತ್ತು.

ಆದರೆ ಅವನ ಬಳಿ ಪವಾಡವೊಂದಿತ್ತು. ಮೂರು ವರ್ಷದ ಹಿಂದೆ ಲೋಣಾರದಿಂದ ಐದೈದು ಲೀಟರಿನ ಎರಡು ಗಾಜಿನ ಬಾಟಲಿಗಳ ತುಂಬ ನೀರು ತಂದಿದ್ದ. ಒಂದನ್ನು ತಂದಂತೆಯೇ ಇಟ್ಟ. ಇನ್ನೊಂದನ್ನು, ಹೋಲಿಸಿ ನೋಡಲೆಂದು, ಒಳಗಿನ ಜೀವವೆಲ್ಲ ಸಾಯುವ ಹಾಗೆ ಲ್ಯಾಬಿನ ದೊಡ್ಡ ಕುಕ್ಕರಿನಲ್ಲಿ ಕುದಿಸಿ ಇಟ್ಟ. ಬೆಳಕು ತಾಗದಿರಲಿ ಎಂದು ಎರಡಕ್ಕೂ ಕಪ್ಪು ಬಟ್ಟೆಯ ಗವಸು ಹೊಲಿಸಿ ಕೋಲ್ಡ್ ರೂಮಿನ ಮೂಲೆಯಲ್ಲಿ ಅಕ್ಕಪಕ್ಕ ನಿಲ್ಲಿಸಿದ. ಪ್ರತಿ ಶುಕ್ರವಾರ ಎರಡರಿಂದಲೂ ಇಪ್ಪತ್ತೈದು ಮಿಲಿಲೀಟರ್ ತೆಗೆದು ಪರೀಕ್ಷೆ ಮಾಡುವುದು. ಕುದಿಸಿದ ನೀರಿನಲ್ಲಿ ಏನೂ ಆಗಲಿಲ್ಲ. ಕುದಿಸದ ನೀರಿನಲ್ಲಿ, ಬೆಳಕಿಲ್ಲದೆ, ಹೊರಗಿನ ಅನ್ನವಿಲ್ಲದೆ, ಸೂಕ್ಷ್ಮಜೀವಿಗಳು ಸಾಯುವ ಬದಲು ಹೆಚ್ಚುತ್ತ ಹೋದವು. ಜೊತೆಗೆ ನೀರಿನ ಉಪ್ಪು ವಾರದಿಂದ ವಾರಕ್ಕೆ ಇಳಿಯಿತು. ಮೂರು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಉಪ್ಪು ತಿಂದು ಬದುಕುವ ಜೀವಿ! ಇದನ್ನು ಮಂಗಳದ ಉಪ್ಪು ಮಣ್ಣಿಗೆ ಬಿಟ್ಟರೆ, ಎಂದು ಪ್ರಬಂಧದ ಕೊನೆಯ ಪ್ಯಾರಾದಲ್ಲಿ ಪ್ರಲ್ಹಾದ ಬರೆದ. ಬಿಟ್ಟರೆ ಏನಾಗುತ್ತದೆ ಎಂದು ಬರೆಯಲಿಲ್ಲ, ಅದನ್ನು ಪೇಪರಿನವರು ಬರೆದುಕೊಂಡರು. ಅಲ್ಲಿಯವರೆಗೆ ಲಿಫ್ಟಿನಲ್ಲಿ ಸಿಕ್ಕರೆ ಯಾವ ಮಹಡಿ ಎಂದು ಮಾತ್ರ ಕೇಳುತ್ತಿದ್ದ ನಿರ್ದೇಶಕ ಖಾಂಬೇಟೆಯವರು ಹೆಗಲ ಮೇಲೆ ಕೈ ಹಾಕಿ "ಆಪಲಾ ಜೇವರ್ಗೀಕರ" ಎಂದರು. ನಮ್ಮ ಜೇವರ್ಗೀಕರ! ಜೇವರ್ಗಿಯ ಪ್ರಲ್ಹಾದ ಪುಣೆಗೆ ಬಂದ ಹೊಸದರಲ್ಲಿ ಊರಿನ ಹೆಸರಿಗೆ ತಾನಾಗಿಯೇ ಒಂದು ಬಾಲ ಅಂಟಿಸಿಕೊಂಡು, ಸದಾಶಿವ ಪೇಠೆಯವರೂ ತಪ್ಪು ಹಿಡಿಯದಂಥ ಮರಾಠಿ ಕಲಿತು, ಹದಿನೇಳು ವರ್ಷ ಕಾದದ್ದು ಆ 'ಆಪಲಾ' ಎಂಬ ಒಂದು ಮಾತಿಗೆ ಎಂದು ಅವತ್ತು ಅವನಿಗೆ ಅನಿಸಿತ್ತು.

ಕೋಲ್ಡ್ ರೂಮಿನ ಬಾಗಿಲು ಅರೆ ತೆರೆದಿತ್ತು. ಒಳಗೆ ದೀಪ. ಬಾಟಲಿಗಳನ್ನೊಮ್ಮೆ ನೋಡಿ ಗವಸು ಸರಿಪಡಿಸಿಡೋಣ ಎಂದು ಬಂದವನು ಬಾಗಿಲಲ್ಲೇ ನಿಂತ. ಚನ್ನಬಸವ್ವ ಒಂದು ಬಾಟಲಿಯ ಗವಸು ತೆಗೆದು ಪಕ್ಕಕ್ಕಿಟ್ಟು, ಸ್ಟೀಲಿನ ತಂಬಿಗೆಯಿಂದ ಅದರ ಬಾಯಿಗೆ ನೀರು ಹನಿಸುತ್ತಿದ್ದಳು. ಬಲಗೈಯಲ್ಲಿ ತಂಬಿಗೆ, ಎಡಗೈ ಬಲ ಮೊಣಕೈಗೆ ತಾಗಿತ್ತು. ಕೂದಲು ಇನ್ನೂ ಒದ್ದೆ. ಆಳಂದದ ಕಡೆಯವಳು, ಗಂಡ ಭೀಮಣ್ಣನ ಜೊತೆ ಇದೇ ಕಟ್ಟಡ ಕಟ್ಟಲು ಬಂದು ಇಟ್ಟಿಗೆ ಹೊತ್ತು, ಕಟ್ಟಡ ಮುಗಿದ ಮೇಲೆ ಅದನ್ನೇ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷದಿಂದ ಟೆಂಪರರಿಯಾಗಿ ಉಳಿದವಳು. ನಾಲ್ಕು ಜನರೆದುರು ಪ್ರಲ್ಹಾದ ಅವಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ಮರಾಠಿಯಲ್ಲಿ ಮಾತಾಡುತ್ತಿದ್ದ. ಯಾರೂ ಇಲ್ಲದಾಗ ಕನ್ನಡ. ಈ ಎರಡು ನಾಲಿಗೆಯ ಬಗ್ಗೆ ಅವಳು ಒಂದು ದಿನವೂ ಏನೂ ಅಂದವಳಲ್ಲ.

"ಏನ್ ಮಾಡ್ಲಿಕತ್ತೀ?" ಎಂದ.

"ತುಂಬ್ಲಾಕತ್ತೀನ್ರಿ ಸಾಹೇಬ್ರ. ಇವತ್ತ ದೊಡ್ ಮಂದಿ ಬರ್ತಾರಂತಲ್ರಿ."

"ಇವತ್ತೇ ಮೊದಲೇನು?"

"ಅಯ್ಯ, ಎಲ್ಲೀ ಮೊದಲರಿ!" ಅವಳಿಗೆ ನಗು ಬಂತು. "ಶುಕ್ರಾರ ನೀವು ತಗೀತೀರಿ, ಸ್ವಾಮಾರ ನಾ ಜಳಕಾ ಮಾಡ್ಕೊಂಡ್ ಬಂದು ತುಂಬ್ತೀನಿ. ಮೂರ್ ವರ್ಷ ಆತು, ಒಂದ್ ಸ್ವಾಮಾರ ತಪ್ಪಿಲ್ರಿ. ಮಗಳ ಬಾಣಂತನಕ್ಕ ಹೋದಾಗೂ ನಮ್ಮ ಜೋಡಿ ಕಸಾ ಹೊಡಿಯೋ ದುರ್ಗಾಗ ಹೇಳಿ ಹೋಗಿದ್ದೆ."

"ಯಾವ ನೀರು?"

"ನಳದ ನೀರ್ರಿ. ತಾಜಾ. ಹಿಡದಿಟ್ಟ ನೀರು ಒಂದಿನಾನೂ ಹಾಕಿಲ್ಲ."

"ನಿನಗ ಯಾರು ಹೇಳಿದ್ರು ಇದನ್ನ?"

"ನೀವೇ ಹೇಳಿದ್ರಲ್ರಿ."

ಹೇಳಿದ್ದ. ಮೂರು ವರ್ಷದ ಹಿಂದಿನ ಒಂದು ಸಂಜೆ, ಜೀಪಿನಲ್ಲಿ ಹನ್ನೆರಡು ತಾಸು ಕೂತು ಬಂದು ಸೊಂಟ ಹಿಡಿದುಕೊಂಡಿದ್ದಾಗ, ಬಾಟಲಿಗೆ ಕೈ ಕೊಟ್ಟು ಇಳಿಸಿದ ಈ ಹೆಂಗಸು ಇದೇನ್ರಿ ಎಂದು ಕೇಳಿದ್ದಳು. ಸೂಕ್ಷ್ಮಜೀವಿ, ಕ್ಷಾರ, ಹೋಲಿಕೆ, ಪ್ರಯೋಗ. ಇದನ್ನೆಲ್ಲ ಅವಳಿಗೆ ತಿಳಿಯುವಂತೆ ಹೇಳಲು ಹತ್ತು ನಿಮಿಷ ಬೇಕಾಗುತ್ತಿತ್ತು. ಆ ಹತ್ತು ನಿಮಿಷಕ್ಕೆ ಅವಳು ತಕ್ಕವಳಲ್ಲ ಎಂದು ಅವನು ಯೋಚಿಸಿರಲಿಲ್ಲ, ಯೋಚಿಸುವಷ್ಟೂ ತಡೆದಿರಲಿಲ್ಲ. "ತೀರ್ಥ ಅಂತ ತಿಳ್ಕೊ, ಚನ್ನಬಸವ್ವ. ದೇವೀ ಗುಡೀ ಮುಂದಿನ ಕೆರೀದು. ಭಾಳ ಜ್ವಾಕಿ, ಕಡಿಮಿ ಆಗಬಾರದು" ಎಂದಿದ್ದ. ಮನೆಗೆ ಹೋಗಿ ವಸಂತಿಗೆ ಇದನ್ನು ತಮಾಷೆಯಾಗಿ ಹೇಳಿ ಇಬ್ಬರೂ ನಕ್ಕಿದ್ದರು. ಚಹದ ಕಪ್ಪಿನಲ್ಲಿ ನಗು ಸಿಕ್ಕಿಕೊಂಡು ವಸಂತಿಗೆ ಕೆಮ್ಮು ಬಂದಿತ್ತು.

"ಮತ್ತ ಆ ಇನ್ನೊಂದು ಬಾಟ್ಲಿ?"

"ಅದು ನೀವು ಕುದಿಸಿದ್ದಲ್ರಿ. ಕುದಿಸಿದ ನೀರು ತೀರ್ಥ ಹೆಂಗಾಗ್ತದ್ರಿ? ಅದಕ್ಕ ನಾ ಕೈ ಹಚ್ಚಿಲ್ಲ."

ಅವಳು ಬಾಟಲಿಯ ಬಾಯಿ ಒರೆಸಿ, ಮುಚ್ಚಿ, ಒರೆಸಿದ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ಹೊರಗೆ ಹೋದಳು. ಪ್ರಲ್ಹಾದ ಎರಡನೆಯ ಬಾಟಲಿಯ ಗವಸನ್ನೂ ತೆಗೆದು ನೋಡಿದ. ಒಂದರಲ್ಲಿ ನೀರು ಕತ್ತಿನವರೆಗೆ ನಿಂತಿತ್ತು, ಇನ್ನೊಂದರಲ್ಲಿ ತಳದಿಂದ ನಾಲ್ಕು ಬೆರಳು. ಸಂಸ್ಥೆಯ ನಲವತ್ತು ಪಿ.ಎಚ್‌ಡಿಗಳ ನಡುವೆ, ಒಂದು ಬಾಟಲಿ ಬೇರೆ ಇನ್ನೊಂದು ಬೇರೆ ಎಂಬ ಪ್ರಯೋಗದ ಶಿಸ್ತನ್ನು ಮೂರು ವರ್ಷ ಒಂದು ದಿನವೂ ತಪ್ಪದೆ ಕಾಪಾಡಿದವಳು ಇವಳೊಬ್ಬಳೇ. ಜೇವರ್ಗಿಯ ಮನೆಯ ದೇವರ ಗೂಡಿನಲ್ಲಿ ಅಜ್ಜ ಕಾಶಿಯಿಂದ ತಂದ ಗಂಗೆಯ ಬಾಟಲಿ ಇತ್ತು. ಪರೀಕ್ಷೆಯ ದಿನ ಒಂದು ಚಮಚ, ಜ್ವರ ಬಂದರೆ ಒಂದು ಚಮಚ, ಯಾರಾದರೂ ಸಾಯಲು ಹೊರಟರೆ ಎರಡು. ತೆಗೆದಷ್ಟನ್ನು ಅವ್ವ ಬಾವಿಯ ನೀರಿನಿಂದ ತುಂಬಿಡುತ್ತಿದ್ದಳು. ಉಳಿದ ಗಂಗೆ ಸೇರಿದ ನೀರನ್ನೂ ಗಂಗೆ ಮಾಡುತ್ತಾಳೆ ಎಂದು. ಬಿ.ಎಸ್ಸಿ. ಎರಡನೆಯ ವರ್ಷದ ರಜೆಯಲ್ಲಿ ಪ್ರಲ್ಹಾದ ಹೊಸ ವಿಜ್ಞಾನದ ಸೊಕ್ಕಿನಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಇಷ್ಟು ವರ್ಷಕ್ಕೆ ಇಷ್ಟು ಚಮಚದಂತೆ ಈಗ ಅದರಲ್ಲಿ ಗಂಗೆ ಎಷ್ಟು ಉಳಿದಿದೆ ಎಂದು ಲೆಕ್ಕ ಮಾಡಿ ತೋರಿಸಿದ್ದ. ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದ್ದಳು: "ನೀ ಲೆಕ್ಕಾ ಮಾಡ್ಕೋತ ಕೂಡು. ನಾ ತುಂಬ್ಕೋತ ಇರ್ತೀನಿ." ಅದೇ ಲೆಕ್ಕ ಈಗ ತಾನಾಗಿ ತಲೆಯಲ್ಲಿ ಓಡಿತು. ಐದು ಲೀಟರ್, ವಾರಕ್ಕೆ ಇಪ್ಪತ್ತೈದು ಮಿಲಿಲೀಟರ್, ನೂರೈವತ್ತಾರು ವಾರ. ಉಳಿದ ಲೋಣಾರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಪ್ರಬಂಧದ ಮೂರನೆಯ ನಕ್ಷೆಯಲ್ಲಿ ಅಂತರರಾಷ್ಟ್ರೀಯ ಪಂಡಿತರು ಮೆಚ್ಚಿದ್ದ ಆ ಸುಂದರವಾದ ಇಳಿಗೆರೆ ಇದೇ. ಉಪ್ಪನ್ನು ಯಾರೂ ತಿಂದಿರಲಿಲ್ಲ. ಹೆಚ್ಚಿದ ಜೀವಿಗಳು ಸಂಸ್ಥೆಯ ತಾರಸಿಯ ನೀರಿನ ಟಾಕಿಯಿಂದ ನಳದಲ್ಲಿ ಇಳಿದು ಬಂದು, ಸಿಕ್ಕ ಜಾಗದಲ್ಲಿ ಸಂಸಾರ ಹೂಡಿದ್ದ ಪುಣೆಯವು.

ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನೋಡಿದ. ಆಗಲಿಲ್ಲ, ಏಕೆಂದರೆ ಶೆಲ್ಫಿನ ಮೇಲೆ ಪಿಪೆಟ್ಟುಗಳಿದ್ದವು. ಬಾಟಲಿಯಿಂದ ನೀರು ಎಳೆಯುವ ಗಾಜಿನ ನಳಿಗೆಗಳು, ಒಂದು ಚಿಕ್ಕದು, ಒಂದು ಉದ್ದದ್ದು. ಮೊದಲ ವರ್ಷ ಎರಡೂ ಬಾಟಲಿಗೆ ಚಿಕ್ಕದೇ ಸಾಕಾಗುತ್ತಿತ್ತು. ಎರಡನೆಯ ವರ್ಷ ಒಂದು ಶುಕ್ರವಾರ ಕುದಿಸಿದ ಬಾಟಲಿಯಲ್ಲಿ ನಳಿಗೆ ನೀರಿಗೆ ಎಟುಕಲಿಲ್ಲ, ಅದಕ್ಕೇ ಅವನು ಉದ್ದದ್ದನ್ನು ತರಿಸಿದ. ಉದ್ದದ್ದನ್ನು ಆ ಬಾಟಲಿಗೆ ಇಳಿಸಿ, ಚಿಕ್ಕದನ್ನು ಈ ಬಾಟಲಿಗೆ ಅದ್ದಿ, ಎಪ್ಪತ್ತು ಎಂಬತ್ತು ಶುಕ್ರವಾರ. ಎರಡರಿಂದಲೂ ಸಮ ತೆಗೆಯುತ್ತಿದ್ದವನ ಕೈಗೆ ಎರಡು ನಳಿಗೆ ಯಾಕೆ ಬೇಕು ಎಂಬುದು ಕೈಗೆ ಗೊತ್ತಿತ್ತು. ಒಮ್ಮೆ, ಹೋದ ವರ್ಷದ ಮಳೆಗಾಲದಲ್ಲಿ, ಚಿಕ್ಕದನ್ನು ಅದ್ದುವಾಗ ಬೆರಳ ತುದಿಗೆ ತಣ್ಣಗೆ ನೀರು ತಾಗಿ ಅವನು ಒಂದು ಕ್ಷಣ ಹಾಗೇ ನಿಂತಿದ್ದ. ಗವಸನ್ನು ಎತ್ತಬೇಕು ಅನಿಸಿತ್ತು. ಎತ್ತದೆ, ಕೋಲ್ಡ್ ರೂಮಿನ ಚಳಿ ಜಾಸ್ತಿಯಾಯಿತೆಂದು ತನಗೇ ಹೇಳಿಕೊಂಡು ಹೊರಬಂದು, ಪ್ರಬಂಧದ ಕೊನೆಯ ಪ್ಯಾರಾ ಬರೆಯಲು ಕೂತಿದ್ದ.

ಗುಡ್ಡದ ಕೆಳಗೆ ಕುಂದಾಪುರದ ಮೋಹನದಾಸರ ಹೋಟೆಲು. ಒಂಬತ್ತು ಗಂಟೆಗೆ ಪ್ರಲ್ಹಾದ ಅಲ್ಲಿ ಒಂದು ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದ, ಹೇಗೆ ಬಂದನೋ ನೆನಪಿರಲಿಲ್ಲ. "ಎಂತ ಸರ್, ಟೈ ಎಲ್ಲ ಕಟ್ಟಿದ್ದೀರಿ, ಇಂಟರ್‌ವ್ಯೂವಾ?" ಎಂದು ಗಲ್ಲೆಯಿಂದಲೇ ಮೋಹನದಾಸರು ಕೂಗಿದರು. ಎದುರಿಗೆ ಇಡ್ಲಿ ಬಂತು, ಸಾಂಬಾರು ಬಂತು. ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಒಬ್ಬ ಭಟ್ಟ ದೊಡ್ಡ ಪಾತ್ರೆಯ ಸಾಂಬಾರಿಗೆ ಒಂದು ಚೊಂಬು ಬಿಸಿನೀರು ಸುರಿದು, ಚಿಟಿಕೆ ಪುಡಿ ಉದುರಿಸಿ, ಸೌಟು ತಿರುಗಿಸುತ್ತಿದ್ದ.

"ಬೆಳಿಗ್ಗೆ ಆರಕ್ಕೆ ಮಾಡಿದ ಸಾಂಬಾರು ಈಗ ಅದರಲ್ಲಿ ಎಷ್ಟು ಉಳಿದಿರ್ತದ್ರಿ?" ಎಂದು ಬಾಯಿ ತಪ್ಪಿ ಕೇಳಿದ.

"ಎಂತ ಪ್ರಶ್ನೆ ಮಾರಾಯ್ರೆ! ಗಿರಾಕಿ ಕಡಿಮೆ ಆಗುವವರೆಗೆ ಸಾಂಬಾರ್ ಕಡಿಮೆ ಆಗುದಿಲ್ಲ ನಮ್ಮಲ್ಲಿ. ರುಚಿ ಹೇಗುಂಟು ಹೇಳಿ."

ರುಚಿ ಚೆನ್ನಾಗಿತ್ತು. ಅವನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಲು ನೋಡಿದ. ಇಂಗ್ಲಿಷಿನಲ್ಲಿ ಅದು ಸುಲಭವಾಗಿ ಬಂತು: ತರಬೇತಿಯಿಲ್ಲದ ಸಿಬ್ಬಂದಿಯಿಂದ ಮಾದರಿಗೆ ಕಲಬೆರಕೆಯಾಗಿರುವುದು ಕಂಡುಬಂದಿದೆ. ಆ ವಾಕ್ಯದಲ್ಲಿ ಅವನು ಎಲ್ಲಿಯೂ ಇರಲಿಲ್ಲ, ಎಷ್ಟು ಶುಭ್ರವಾದ ವಾಕ್ಯ! ಮರಾಠಿಯಲ್ಲೂ ಬಂತು, ಅಲ್ಲಿ ಮೌಶಿ ಬಂದಳು, ಅವಳ ಅಜ್ಞಾನ ಬಂತು, ಅಯ್ಯೋ ಪಾಪ ಎಂಬ ಒಂದು ನಗೆಯೂ ಬಂತು. ಕನ್ನಡದಲ್ಲಿ ಮಾತ್ರ ಎಲ್ಲಿಂದ ಹೊರಟರೂ ಅದು 'ನಾನೇ ಹೇಳಿದ್ದೆ' ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಅವಳ ಮೇಲೆ ಹಾಕಿದರೆ ಅವಳ ಕೆಲಸ ಸಂಜೆಯೊಳಗೆ ಹೋಗುತ್ತದೆ. ತನ್ನ ಮೇಲೆ ಹಾಕಿಕೊಂಡರೆ ಕೇಂದ್ರ ಹೋಗುತ್ತದೆ, ಪ್ರಬಂಧ ಹೋಗುತ್ತದೆ, ಖಾಂಬೇಟೆಯವರು ಲಿಫ್ಟಿನಲ್ಲಿ ಯಾವ ಮಹಡಿ ಎಂದು ಮತ್ತೆ ಕೇಳತೊಡಗುತ್ತಾರೆ. ಮೂರನೆಯದೂ ಒಂದಿತ್ತು: ಸುಮ್ಮನಿರುವುದು. ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಎರಡನೆಯ ಸಲ ಸಾಂಬಾರು ಹಾಕಿಸಿಕೊಂಡು ತಿಂದ, ಆಮೇಲೆ ಅಷ್ಟು ಹಸಿವಾಗಿದ್ದಕ್ಕೆ ನಾಚಿಕೆಯಾಯಿತು.

ಇಂಗ್ರಿಡ್ ಎತ್ತರದ ಹೆಂಗಸು, ಐವತ್ತರ ಆಚೆಯವಳು, ಮಳೆಗೆ ನೆಂದ ಬೂಟುಗಳನ್ನು ಲ್ಯಾಬಿನ ಹೊರಗೆ ತಾನಾಗಿಯೇ ಬಿಚ್ಚಿಟ್ಟವಳು. ಖಾಂಬೇಟೆಯವರು ಬೂಟು ಹಾಕಿಕೊಂಡೇ ಒಳಗೆ ಬಂದು ಅರ್ಧ ತಾಸು ಮಾತಾಡಿದರು: ಪ್ರಾಚೀನ ಭಾರತ, ಲೋಣಾರದ ದೇವಿ, ಮಂಗಳ, ಸಂಸ್ಥೆಗೆ ಬೇಕಾಗಿರುವ ಹೊಸ ಕಟ್ಟಡ. ಪ್ರಲ್ಹಾದ ತನ್ನ ನಕ್ಷೆಗಳನ್ನು ಗೋಡೆಯ ಮೇಲೆ ಬೀರಿ ಒಂದೊಂದಾಗಿ ವಿವರಿಸುತ್ತಿದ್ದ. ತನ್ನ ಧ್ವನಿ ಎಷ್ಟು ಗಟ್ಟಿಯಾಗಿ ಬರುತ್ತಿದೆ ಎಂದು ಅವನಿಗೇ ಆಶ್ಚರ್ಯ. ಮೂರನೆಯ ನಕ್ಷೆಯ ಇಳಿಗೆರೆ ಬಂದಾಗ ಇಂಗ್ರಿಡ್ ಪೆನ್ಸಿಲ್ ಕೆಳಗಿಟ್ಟು ಅದನ್ನೇ ನೋಡಿದಳು. ಆಮೇಲೆ ಬಾಟಲಿಗಳನ್ನು ನೋಡಬೇಕು ಎಂದಳು. ಎಲ್ಲರೂ ಕೋಲ್ಡ್ ರೂಮಿಗೆ ಹೋದರು, ಗವಸು ತೆಗೆಯಬಹುದೇ ಎಂದು ಅವಳು ಕೇಳಿದಳು. ಬೆಳಕು ತಾಗಬಾರದು ಎನ್ನಬಹುದಿತ್ತು, ಆ ಮಾತು ನಾಲಿಗೆಯ ತುದಿಯಲ್ಲಿತ್ತು; ಅಷ್ಟರಲ್ಲಿ ಖಾಂಬೇಟೆಯವರು ಸ್ವಂತ ಕೈಯಿಂದ, ಶಂಕುಸ್ಥಾಪನೆಯ ಫಲಕದ ಪರದೆ ಸರಿಸುವ ಉತ್ಸಾಹದಲ್ಲಿ, ಎರಡೂ ಗವಸುಗಳನ್ನು ಎತ್ತಿಬಿಟ್ಟರು.

"ಎರಡರಿಂದಲೂ ಸಮ ತೆಗೆದಿದ್ದೀರಿ, ಅಲ್ಲವೇ?" ಎಂದಳು ಇಂಗ್ರಿಡ್ ಇಂಗ್ಲಿಷಿನಲ್ಲಿ. "ಹಾಗಾದರೆ ಇದೊಂದು ಯಾಕೆ ತುಂಬಿದೆ?"

ಪ್ರಲ್ಹಾದ ಟೈನ ಗಂಟಿನೊಳಗೆ ಬೆರಳು ತೂರಿಸಿದ. ಖಾಂಬೇಟೆಯವರ ಮುಖದ ಮೇಲಿನ ನಗೆ ಹಾಗೇ ಇತ್ತು, ಕಣ್ಣು ಮಾತ್ರ ಬಾಟಲಿಯಿಂದ ಬಾಟಲಿಗೆ ಹೋಗಿ ಬಂದು, ಬಾಗಿಲಾಚೆ ನೀರಿನ ಗ್ಲಾಸುಗಳ ಟ್ರೇ ಹಿಡಿದು ನಿಂತಿದ್ದ ಚನ್ನಬಸವ್ವನ ಮೇಲೆ ನಿಂತಿತು. ಸಣ್ಣ ಜನ ಇರುವುದೇ ಇಂಥ ಹೊತ್ತಿಗೆ. ಬಾಟಲಿಗೆ ಏನಾದರೂ ಹಾಕಿದೆಯಾ ಎಂದು ಅವರು ಮರಾಠಿಯಲ್ಲಿ ಅವಳನ್ನು ಕೇಳಲಿಕ್ಕೆ ಬಾಯಿ ತೆರೆದರು: "ಮೌಶಿ, ಹ್ಯಾ ಬಾಟಲೀತ..."

"ಸರ್, ಅವರಿಗೆ ಮರಾಠಿ ನೀಟಾಗಿ ಬರುವುದಿಲ್ಲ. ನಾನು ಕೇಳುತ್ತೇನೆ" ಎಂದು ಪ್ರಲ್ಹಾದ ಮರಾಠಿಯಲ್ಲಿ ನಡುವೆ ಬಾಯಿ ಹಾಕಿದ. ಒಂಬತ್ತು ವರ್ಷದಿಂದ ಇದೇ ಕಟ್ಟಡದಲ್ಲಿ ಮರಾಠಿಯಲ್ಲಿ ಬೈಸಿಕೊಂಡು, ಮರಾಠಿಯಲ್ಲಿ ಉತ್ತರ ಕೊಟ್ಟು, ಪೇಟೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುವ ಚನ್ನಬಸವ್ವ ತಲೆಯೆತ್ತಿ ಅವನನ್ನು ನೋಡಿದಳು. ಅವನು ಅವಳ ಕಡೆ ತಿರುಗಿ, ಹದಿನೇಳು ವರ್ಷದಲ್ಲಿ ಮೊದಲ ಸಲ ಆ ಸಂಸ್ಥೆಯಲ್ಲಿ ನಾಲ್ಕು ಜನರ ಮುಂದೆ, ಕನ್ನಡದಲ್ಲಿ ಮಾತಾಡಿದ.

"ಮುಟ್ಟಿಲ್ಲ ಅಂತ ಹೇಳು, ಚನ್ನಬಸವ್ವ. ಅಷ್ಟೇ ಹೇಳು."

ಅವಳು ಟ್ರೇಯನ್ನು ಸ್ಟೂಲಿನ ಮೇಲೆ ಇಟ್ಟಳು. ಮರಾಠಿಯಲ್ಲಿ ಉತ್ತರ ಕೊಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಅವಳು ಕನ್ನಡದಲ್ಲೇ ಹೇಳಿದಳು, ಮೆಲ್ಲಗೆ, ಅವನೊಬ್ಬನಿಗೇ. "ತೀರ್ಥದ ಮುಂದ ನಿಂತು ಸುಳ್ ಹೆಂಗ್ ಹೇಳ್ಲಿರಿ? ಮುಟ್ಟೀನಿ, ತುಂಬೀನಿ. ನೀವು ಹೇಳಿದ್ರಂತ ತುಂಬೀನಿ. ತಪ್ಪಾಗಿದ್ರ ನೀವೇ ತಿಳಿಸಿ ಹೇಳ್ರಿ ಅವ್ರಿಗೆ. ನಿಮಗ ಮೂರೂ ಭಾಷಾ ಬರ್ತಾವ."

ಎಲ್ಲರೂ ಅವನ ಮುಖ ನೋಡುತ್ತಿದ್ದರು. ನಿಜ ಆ ಕೋಣೆಯಲ್ಲಿ ಬಾಯಿಬಿಟ್ಟು ಆಡಿಯಾಗಿತ್ತು, ಎಲ್ಲರ ಕಿವಿಗೂ ಬಿದ್ದಿತ್ತು. ಅದನ್ನು ಇನ್ನೊಂದು ಭಾಷೆಗೆ ಎತ್ತಿ ಹಾಕುವುದಷ್ಟೇ ಬಾಕಿ. ಆ ಎರಡು ಗಳಿಗೆಯಲ್ಲಿ ಅವನಿಗೆ ತಾನು ಅದನ್ನು ಎತ್ತಿ ಹಾಕುತ್ತೇನೆ ಎಂದೇ ಅನಿಸಿತು. ಎದೆ ಹಗುರಾಯಿತು, ಬಾಯಿಯೂ ತೆರೆಯಿತು.

"ಒಮ್ಮೆಯೂ ಮುಟ್ಟಿಲ್ಲ ಎನ್ನುತ್ತಾರೆ" ಎಂದ ಮರಾಠಿಯಲ್ಲಿ. ಅದನ್ನೇ ಇಂಗ್ಲಿಷಿನಲ್ಲಿಯೂ ಹೇಳಿದ.

ಖಾಂಬೇಟೆಯವರು ಉಸಿರು ಬಿಟ್ಟರು. "ಅರೇ, ತುಮ್ಹಾಲಾ ಕಾನಡೀ ಯೇತೇ?" ನಿಮಗೆ ಕನ್ನಡ ಬರುತ್ತದೆಯೇ ಎಂದು ಅವರಿಗೆ ನಿಜವಾದ ಬೆರಗು. ಪ್ರಲ್ಹಾದ "ಥೋಡೀ ಥೋಡೀ" ಎಂದ. ಸ್ವಲ್ಪ ಸ್ವಲ್ಪ. ಆಮೇಲೆ ಬಂದ ಸುಳ್ಳಿಗೆ ಅವನು ಕಷ್ಟಪಡಬೇಕಾಗಲಿಲ್ಲ: ಪರೀಕ್ಷೆಯ ನಂತರ ಉಳಿಯುವ ಜೀವಂತ ಮಾದರಿಯನ್ನು ವ್ಯರ್ಥ ಮಾಡದೆ ಬಾಟಲಿಗೇ ಮರಳಿಸುತ್ತೇವೆ, ಕುದಿಸಿದ್ದನ್ನು ಮರಳಿಸುವ ಅಗತ್ಯವಿಲ್ಲ. "ಪಡೆದದ್ದನ್ನು ಮರಳಿಸುವುದು ನಮ್ಮ ಪರಂಪರೆ" ಎಂದು ಖಾಂಬೇಟೆಯವರು ಅದಕ್ಕೊಂದು ಕಿರೀಟ ಇಟ್ಟರು. ಇಂಗ್ರಿಡ್ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ನೋಟದಲ್ಲಿ ಸಂಶಯವಿತ್ತೋ, ದಣಿವಿತ್ತೋ ಅವನಿಗೆ ತಿಳಿಯಲಿಲ್ಲ. ತನ್ನ ಬಳಿಯೂ ಇರಲಿ ಎಂದು ಅರ್ಧ ಲೀಟರ್ ನೀರು ಕೇಳಿ ತುಂಬಿಸಿಕೊಂಡಳು. ಆರು ತಿಂಗಳಿಗೆ ಮತ್ತೆ ಬರುತ್ತೇನೆ, ಉಪ್ಪು ಇದೇ ಗೆರೆಯಲ್ಲಿ ಇನ್ನೂ ಇಳಿದಿದ್ದರೆ ನನಗೆ ಬೇರೆ ಸಾಕ್ಷಿ ಬೇಡ, ಕೇಂದ್ರದ ಕಾಗದಕ್ಕೆ ಈಗಲೇ ಸಹಿ ಹಾಕಿ ಹೋಗುತ್ತೇನೆ ಎಂದಳು. ಹೊರಡುವ ಮುನ್ನ ಚನ್ನಬಸವ್ವನನ್ನು ಬಾಟಲಿಯ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆದುಕೊಂಡಳು. ಫೋಟೋದಲ್ಲಿ ಚನ್ನಬಸವ್ವ ಬಾಟಲಿಯಿಂದ ಒಂದು ಮಾರು ದೂರ ನಿಂತಿದ್ದಳು.

ಮೂರು ಗಂಟೆಗೆ ನಿರ್ದೇಶಕರ ಕೋಣೆಯಿಂದ ಪೇಢೆಯ ಡಬ್ಬಿ ಬಂತು. ನಾಲ್ಕಕ್ಕೆ ಒಂದು ಕಾಗದ ಬಂತು. ವಿದೇಶದವರ ಕ್ಯಾಮೆರಾಕ್ಕೆ ಸಿಕ್ಕ ಸಿಬ್ಬಂದಿ ಟೆಂಪರರಿ ಎಂದರೆ ಸಂಸ್ಥೆಯ ಮರ್ಯಾದೆ ಏನಾಗಬೇಕು ಎಂದು ಖಾಂಬೇಟೆಯವರು ಒಂಬತ್ತು ವರ್ಷದ ಫೈಲಿಗೆ ಒಂದೇ ಏಟಿಗೆ ಸಹಿ ಹಾಕಿದ್ದರು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಚನ್ನಬಸವ್ವ ಬೂಟಿನ ಕೆಸರು ಒರೆಸುತ್ತಿದ್ದಳು.

"ನಿನ್ನ ಪರ್ಮನೆಂಟ್ ಆತು, ಚನ್ನಬಸವ್ವ" ಎಂದ ಪ್ರಲ್ಹಾದ. ಒಳ್ಳೆಯ ಸುದ್ದಿ ಕೊಡುವವನ ಧ್ವನಿ ಬರಲಿಲ್ಲ.

"ಆತೇನ್ರಿ." ಅವಳು ಬಟ್ಟೆ ಹಿಂಡಿದಳು. "ಛಲೋ ಆತು. ಭೀಮಣ್ಣಗ ಹೇಳ್ತೀನಿ."

"ಖುಷಿ ಇಲ್ಲೇನು?"

"ಅದ್ರಿ. ಒಂಬತ್ ವರ್ಷ ದುಡದೀನಿ, ಯಾಕ್ ಖುಷಿ ಇರಬಾರದು? ಕೆಲಸಾ ಮಾಡೀನಿ, ಕೊಟ್ಟಾರ. ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ."

"ಮುಂದಿನ ಸೋಮವಾರ..." ಎಂದು ಅವನು ಶುರು ಮಾಡಿ ನಿಲ್ಲಿಸಿದ. ತುಂಬು ಎನ್ನಲೋ ತುಂಬಬೇಡ ಎನ್ನಲೋ ಅವನಿಗೇ ಗೊತ್ತಿರಲಿಲ್ಲ. ಗೊತ್ತಿತ್ತು, ಆರು ತಿಂಗಳಿಗೆ ಉಪ್ಪು ಇನ್ನೂ ಇಳಿದಿರಬೇಕಿತ್ತು.

"ನಾ ಇನ್ನ ತುಂಬಂಗಿಲ್ರಿ" ಎಂದಳು ಅವಳು, ಅವನು ಕೇಳಿಯೇಬಿಟ್ಟ ಹಾಗೆ. "ಅದರ ಮುಂದ ನಿಂತು ನೀವು ಹಂಗ ಹೇಳಿದ್ರಿ. ನನಗ ಈಗ ಅದೂ ಕುದಿಸಿದ್ ನೀರು." ಸ್ಟೀಲಿನ ತಂಬಿಗೆಯನ್ನು ತೊಳೆದು, ಒರೆಸಿ, ಕೋಲ್ಡ್ ರೂಮಿನ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಮಗುಚಿ ಇಟ್ಟು ಬಕೆಟ್ಟು ಎತ್ತಿಕೊಂಡು ಹೋದಳು.

ಆ ವಾರ ಕೆಳಗಿನ ರಘುರಾಮರಾಯರು ಮೆಟ್ಟಿಲ ಮೇಲೆ ಸಿಕ್ಕಾಗ ಕೈ ಮುಗಿದರು. ಪೇಪರಿನಲ್ಲಿ ಕೇಂದ್ರದ ಸುದ್ದಿ ಬಂದಿತ್ತು. ಖಾಂಬೇಟೆಯವರು ಲಿಫ್ಟಿನಲ್ಲಿ ಅವನ ಮಹಡಿಯ ಗುಂಡಿಯನ್ನು ತಾವೇ ಒತ್ತಿದರು. ಶುಕ್ರವಾರ ಪ್ರಲ್ಹಾದ ಎರಡೂ ಬಾಟಲಿಯಿಂದ ಇಪ್ಪತ್ತೈದು ಮಿಲಿಲೀಟರ್ ತೆಗೆದ. ಇಂಗ್ರಿಡ್ ಒಯ್ದ ಅರ್ಧ ಲೀಟರಿನಿಂದಾಗಿ ತುಂಬಿದ ಬಾಟಲಿಯಲ್ಲಿಯೂ ಚಿಕ್ಕ ನಳಿಗೆಯನ್ನು ಮೊದಲಿಗಿಂತ ಆಳಕ್ಕೆ ಇಳಿಸಬೇಕಾಯಿತು. ಶನಿವಾರ ಭಾನುವಾರ ಮಳೆ ನಿಲ್ಲಲಿಲ್ಲ. ಸೋಮವಾರ ಏಳಕ್ಕೇ ಎದ್ದು ತಲೆಗೆ ನೀರು ಹಾಕಿಕೊಂಡ ಗಂಡನನ್ನು ವಸಂತಿ ಇವತ್ತೇನು ವಿಶೇಷ ಎಂದು ಕೇಳಿದಳು, ಏನಿಲ್ಲ ಎಂದ. ಎಂಟಕ್ಕೆ ಕಾರಿಡಾರಿನ ಆ ತುದಿಯಲ್ಲಿ ಕಸಬರಿಗೆಯ ಸದ್ದು ಕೇಳುತ್ತಿತ್ತು. ಅದು ಹತ್ತಿರ ಬರುತ್ತದೆಯೇನೋ ಎಂದು ಅವನು ಸಿಂಕಿನ ಮುಂದೆ ಸ್ವಲ್ಪ ಹೊತ್ತು ಕಾದು ನಿಂತ. ಬರಲಿಲ್ಲ. ನಳದ ಮೊದಲ ನೀರನ್ನು ಹರಿಯಬಿಟ್ಟು ತಾಜಾ ನೀರು ಹಿಡಿದ. ಕೋಲ್ಡ್ ರೂಮಿನೊಳಗೆ ಗವಸು ತೆಗೆದು ಬಾಟಲಿಯ ಬಾಯಿಗೆ ತಂಬಿಗೆ ಬಗ್ಗಿಸಿದಾಗ ಅವನ ಎಡಗೈ ತಾನಾಗಿ ಎದ್ದು ಬಲ ಮೊಣಕೈಯನ್ನು ಹಿಡಿದುಕೊಂಡಿತು. ಅವನು ಅದನ್ನು ಕೆಳಗಿಳಿಸಿದ. ನೀರು ಅತ್ತಿತ್ತ ಚೆಲ್ಲತೊಡಗಿತು, ಮತ್ತೆ ಹಿಡಿದುಕೊಂಡ. ಅವ್ವ ಹೀಗೆಯೇ ಹಿಡಿಯುತ್ತಿದ್ದಳು. ಅಳು ಬರಬೇಕಿತ್ತು, ಬರಲಿಲ್ಲ. ಬಾಟಲಿ ಕತ್ತಿನವರೆಗೆ ತುಂಬುವುದನ್ನೇ ಗಮನವಿಟ್ಟು ನೋಡುತ್ತಿದ್ದ. ಆಮೇಲೆ ಒದ್ದೆ ಕೈಯಲ್ಲೇ ಪೆನ್ನು ಹಿಡಿದು ನೋಟುಬುಕ್ಕು ತೆರೆದು ಆ ದಿನದ ತಾರೀಖು ಹಾಕಿ, ಅದರ ಮುಂದೆ ಚೊಕ್ಕಟವಾದ ಇಂಗ್ಲಿಷಿನಲ್ಲಿ ಬರೆದ: ನೀರಿನ ಮಟ್ಟ ಮೊದಲಿನಂತೆ. ಯಾರೂ ಮುಟ್ಟಿಲ್ಲ.